ಸಕ್ಕರೆ ದ್ವೀಪಗಳ ಸುತ್ತ ಹಡಗಿನ ಬೇಲಿ

1805ರ ಜೂನ್ ತಿಂಗಳಲ್ಲಿ ಜೇಮ್ಸ್ ವಿಲ್ಕ್ಸ್ ಮಾರಿಸ್ ಎಂಬ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಕೋರ್ಟ್ ಮಾರ್ಷಲ್ ಎದುರು ನಿಲ್ಲಬೇಕಾಯಿತು. ರಾಜನ ಹಡಗೊಂದನ್ನು ಶತ್ರುವಿಗೆ ಬಿಟ್ಟುಕೊಟ್ಟ ಎಂಬುದು ಅವನ ಮೇಲಿದ್ದ ಆಪಾದನೆ. ಹಡಗು ಕಳೆದುಕೊಂಡ ಕ್ಯಾಪ್ಟನ್ ಯಾರೇ ಆಗಲಿ, ವಿಚಾರಣೆ ಎದುರಿಸಲೇಬೇಕು ಎನ್ನುವುದು ಆ ಪಡೆಯ ಕಟ್ಟಳೆ. ಅದರಲ್ಲೇನೂ ಹೊಸತಿರಲಿಲ್ಲ. ವಿಚಿತ್ರವಿದ್ದದ್ದು ಹಡಗಿನಲ್ಲಿ. ಅದಕ್ಕೆ ಕೂವೆಮರವಿರಲಿಲ್ಲ, ಹಾಯಿ ಇರಲಿಲ್ಲ, ಚುಕ್ಕಾಣಿ ಇರಲಿಲ್ಲ. ನೌಕಾಪಡೆಯ ದಫ್ತರದಲ್ಲಿ ಸ್ಲೂಪ್ ದರ್ಜೆಯ ಯುದ್ಧನೌಕೆ ಎಂದು ನಮೂದಾಗಿದ್ದ 'ಡೈಮಂಡ್ ರಾಕ್' ಕೆರಿಬಿಯನ್ ಸಮುದ್ರದಲ್ಲಿ 175 ಮೀಟರ್ ಎತ್ತರಕ್ಕೆ ಎದ್ದು ನಿಂತ ಒಂದು ಕಡಿದಾದ ಬಂಡೆ.

ಈಗಲೂ ಅದು ಅಲ್ಲೇ ಇದೆ. ಫ್ರೆಂಚರ ಮಾರ್ಟಿನಿಕ್ ದ್ವೀಪದ ದಕ್ಷಿಣ ದಡದಿಂದ ಎರಡು–ಮೂರು ಕಿಲೋಮೀಟರ್ ದೂರದಲ್ಲಿ. ಬಂಡೆಗೆ ಹಡಗಿನ ಪಟ್ಟ ಕಟ್ಟಿದ್ದು ಹುಡುಗಾಟಕ್ಕಲ್ಲ. ಹಡಗು ಎಂದು ದಾಖಲಾದರೆ ಅಲ್ಲಿರುವವರಿಗೆ ಸಂಬಳ, ಪಡಿತರ, ಮದ್ದುಗುಂಡು, ಶಿಸ್ತಿನ ನಿಯಮ ಎಲ್ಲವೂ ತಂತಾನೇ ಹರಿದು ಬರುತ್ತವೆ. ದಡದ ಮೇಲಿನ ನೆಲೆಗೂ ಹಡಗಿನ ಹೆಸರಿಡುವ ಬ್ರಿಟಿಷ್ ರೂಢಿ ನಮ್ಮ ನೌಕಾಪಡೆಗೂ ಬಳುವಳಿಯಾಗಿ ಬಂದಿದೆ. ಕಾರವಾರದ ಐಎನ್‌ಎಸ್ ಕದಂಬ ಕೂಡ ತೇಲುವ ಹಡಗಲ್ಲ.

ಬಂಡೆಯ ಬೆಲೆ ತಿಳಿಯಬೇಕಾದರೆ ಮೊದಲು ಗಾಳಿಯ ವಿಚಾರ ತಿಳಿಯಬೇಕು. ಕೆರಿಬಿಯನ್ನಿನಲ್ಲಿ ವರ್ಷದ ಬಹುಭಾಗ ಗಾಳಿ ಬೀಸುವುದು ಪೂರ್ವದಿಂದ, ಸಮುದ್ರದ ಸೆಳೆತವೂ ಪಶ್ಚಿಮದ ಕಡೆಗೇ. ಯುರೋಪಿನಿಂದ ಹೊರಟ ಹಾಯಿಹಡಗು ಪೂರ್ವದಿಂದ ಬಂದು ದ್ವೀಪದ ದಕ್ಷಿಣ ತುದಿಯನ್ನು ಬಳಸಿ ಪಶ್ಚಿಮ ಮಗ್ಗುಲಿನ ಮುಖ್ಯ ಬಂದರು, ಇಂದಿನ ಫೋರ್-ದ-ಫ್ರಾನ್ಸ್, ಸೇರಬೇಕು. ದಡಕ್ಕೆ ಅಂಟಿಕೊಂಡು ಬಂದರೆ ಸಲೀಸು. ಆ ದಾರಿಯಲ್ಲೇ ಡೈಮಂಡ್ ರಾಕ್ ನಿಂತಿದೆ. ಅಲ್ಲಿ ತೋಪು ಇಟ್ಟವನನ್ನು ತಪ್ಪಿಸಿಕೊಳ್ಳಲು ದೂರದಿಂದ ಸುತ್ತಿ ಬಂದರೆ ಗಾಳಿಯೂ ಸೆಳೆತವೂ ಸೇರಿ ಹಡಗನ್ನು ಪಶ್ಚಿಮಕ್ಕೆ ತಳ್ಳಿಬಿಡುತ್ತವೆ. ಮತ್ತೆ ಗಾಳಿಗೆದುರಾಗಿ ಓರೆಕೋರೆಯಾಗಿ ಏರಿ ಬರಬೇಕು. ಅಷ್ಟರಲ್ಲಿ ಕಾವಲಿಗಿದ್ದ ಬ್ರಿಟಿಷ್ ಫ್ರಿಗೇಟ್ ಬೆನ್ನು ಹತ್ತಿರುತ್ತದೆ.

ಇದನ್ನು ಕಂಡುಕೊಂಡವನು 74 ತೋಪುಗಳ ಸೆಂಟಾರ್ ಹಡಗಿನ ಕಮೊಡೋರ್ ಸ್ಯಾಮ್ಯುಯೆಲ್ ಹುಡ್. (ಇವನೇ ಮುಂದೆ ಈಸ್ಟ್ ಇಂಡೀಸ್ ಪಡೆಯ ಮುಖ್ಯಸ್ಥನಾಗಿ ಬಂದು 1814ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡ.) ಮಾರ್ಟಿನಿಕ್‌ಗೆ ದಿಗ್ಬಂಧನ ಹಾಕಲು ಅವನಿಗೆ ಹಡಗುಗಳು ಸಾಲುತ್ತಿರಲಿಲ್ಲ. ಅಲ್ಲಾಡದ, ಮುಳುಗದ, ಬಿರುಗಾಳಿಗೆ ಕೂವೆ ಮುರಿದುಕೊಳ್ಳದ ಒಂದು ಹಡಗು ಪುಕ್ಕಟೆಯಾಗಿ ಸಿಕ್ಕಿದರೆ ಬೇಡ ಎನ್ನುವನೇ? 1804ರ ಜನವರಿಯಲ್ಲಿ ಕೆಲಸ ಶುರುವಾಯಿತು.

ತೋಪು ಏರಿಸಿದ ಬಗೆಯನ್ನು ಹೇಳಲೇಬೇಕು. ಒಟ್ಟು ಐದು: ಇಪ್ಪತ್ನಾಲ್ಕು ಪೌಂಡಿನ ಗುಂಡು ಹಾರಿಸುವ ಮೂರು, ಹದಿನೆಂಟು ಪೌಂಡಿನವು ಎರಡು. ದೊಡ್ಡ ತೋಪು ಒಂದೊಂದೂ ಸುಮಾರು ಎರಡೂವರೆ ಟನ್ ತೂಕ. ಬಂಡೆಗೆ ದಾರಿಯಿಲ್ಲ, ಮೆಟ್ಟಿಲಿಲ್ಲ, ದೋಣಿ ನಿಲ್ಲಿಸಲು ಸರಿಯಾದ ಜಾಗವೂ ಇಲ್ಲ. ಸೆಂಟಾರ್ ಹಡಗನ್ನು ಬಂಡೆಯ ಬುಡಕ್ಕೇ ತಂದು ನಿಲ್ಲಿಸಿದರು. ಹಡಗಿನಿಂದ ಬಂಡೆಯ ಮೇಲಕ್ಕೆ ತೋಳುಗಾತ್ರದ ಹಗ್ಗ ಬಿಗಿದರು. ಅದಕ್ಕೆ ತೋಪು ತೂಗುಹಾಕಿ, ರಾಟೆ ಕಟ್ಟಿ, ನೂರಾರು ಕೈಗಳು ಜಗ್ಗುತ್ತ ಒಂದೊಂದನ್ನೇ ಮೇಲೆಳೆದವು. ಕೆಳಗೆ ಅಲೆ ಎದ್ದಾಗ ಹಡಗು ಮೇಲೇರಿ ಹಗ್ಗ ಸಡಿಲಾಗುತ್ತದೆ, ಇಳಿದಾಗ ಬಿಗಿಯಾಗುತ್ತದೆ. ಮೇಲೆ ನಿಂತವರು ಆ ತಾಳ ನೋಡಿಕೊಂಡೇ ಎಳೆಯಬೇಕು. ಹದಿನೆಂಟು ಪೌಂಡಿನ ಎರಡು ತೋಪುಗಳು ನೆತ್ತಿಯವರೆಗೂ ಹೋದವು. ಅಷ್ಟೆತ್ತರದಿಂದ ಹಾರಿದ ಗುಂಡು ಹಡಗಿನ ಡೆಕ್ಕಿನ ಮೇಲೆ ಬೀಳುತ್ತದೆ. ಕೆಳಗಿನ ಹಡಗಿಗೆ ತನ್ನ ತೋಪಿನ ಮೂತಿಯನ್ನು ಅಷ್ಟು ಮೇಲೆತ್ತಲು ಬರುವುದಿಲ್ಲ.

ಮಾರಿಸ್ ಮತ್ತು ನೂರಕ್ಕೂ ಮಿಕ್ಕ ಜನ ಹದಿನೇಳು ತಿಂಗಳು ಅಲ್ಲಿ ಸಂಸಾರ ಹೂಡಿದರು. ಬಾವಲಿಗಳನ್ನು ಹೊಗೆ ಹಾಕಿ ಓಡಿಸಿ ಗುಹೆಗಳಲ್ಲಿ ಹಡಗಿನ ಜೋಲಿಗಳನ್ನೇ ಕಟ್ಟಿಕೊಂಡು ಮಲಗಿದರು. ಒಂದು ಗುಹೆ ಆಸ್ಪತ್ರೆಯಾಯಿತು. ಆಡು, ಕೋಳಿ ಸಾಕಿದರು, ಬಂಡೆಯ ಮೇಲೆ ಬೆಳೆಯುವ ಕಾಡುಸೊಪ್ಪು ಕೊಯ್ದು ಬೇಯಿಸಿದರು. ಎಲ್ಲವೂ ಇತ್ತು, ನೀರೊಂದನ್ನು ಬಿಟ್ಟು. ಒರತೆಯಿಲ್ಲದ ಕಲ್ಲು ಅದು. ದೋಣಿಯಲ್ಲಿ ತಂದ ನೀರು, ಮಳೆಯ ನೀರು, ತುಂಬಿಡಲು ಒಂದು ತೊಟ್ಟಿ. ಇದು ನೆನಪಿರಲಿ.

ಇಷ್ಟೆಲ್ಲ ಯಾಕೆ ಎಂದರೆ ಸಕ್ಕರೆಗಾಗಿ. ಭೂಪಟದಲ್ಲಿ ಸಾಸಿವೆ ಕಾಳಿನಂತೆ ಕಾಣುವ ಈ ದ್ವೀಪಗಳು ಆಗ ಯುರೋಪಿನ ಖಜಾನೆಗಳನ್ನು ತುಂಬುತ್ತಿದ್ದವು. ಎಲ್ಲಕ್ಕಿಂತ ಶ್ರೀಮಂತವಾಗಿದ್ದದ್ದು ಫ್ರೆಂಚರ ಸಾಂ-ದೊಮಾಂಗ್, ಇಂದಿನ ಹೈಟಿ. 1789ರ ಸುಮಾರಿಗೆ ಯುರೋಪು ತಿನ್ನುತ್ತಿದ್ದ ಸಕ್ಕರೆಯಲ್ಲಿ ಶೇ 40ರಷ್ಟು, ಕಾಫಿಯಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿಂದಲೇ ಹೋಗುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಬಹುಪಾಲು ಆಫ್ರಿಕಾದಿಂದ ಹಿಡಿದು ತಂದ ಸುಮಾರು ಐದು ಲಕ್ಷ ಗುಲಾಮರು. 1791ರ ಆಗಸ್ಟ್‌ನಲ್ಲಿ ಅವರು ಬಂಡೆದ್ದರು. ತೂಸಾಂ ಲೂವೆರ್ತ್ಯೂರ್ ಎಂಬ ನಾಯಕ ಎದ್ದು ಬಂದ. 1794ರಲ್ಲಿ ಪ್ಯಾರಿಸ್ಸಿನ ಕ್ರಾಂತಿ ಸರ್ಕಾರ ಗುಲಾಮಗಿರಿಯನ್ನೇ ರದ್ದು ಮಾಡಿತು. ಮಾರ್ಟಿನಿಕ್‌ನಲ್ಲಿ ಮಾತ್ರ ಆ ಕಾನೂನು ಜಾರಿಗೆ ಬರಲೇ ಇಲ್ಲ, ಏಕೆಂದರೆ ಅದೇ ವರ್ಷ ಆ ದ್ವೀಪ ಬ್ರಿಟಿಷರ ವಶವಾಗಿತ್ತು. ತಮ್ಮ ಗುಲಾಮರು ಕೈತಪ್ಪದಂತೆ ನೋಡಿಕೊಳ್ಳಲು ಅಲ್ಲಿನ ಫ್ರೆಂಚ್ ತೋಟದ ಧಣಿಗಳಿಗೆ ಶತ್ರುವಿನ ಬಾವುಟವೇ ಅನುಕೂಲವಾಯಿತು. ಎರಡು ಸಾಮ್ರಾಜ್ಯಗಳ ಹಗೆತನ ಎಷ್ಟು ಆಳದ್ದು ಎಂದು ಅಳೆಯುವಾಗ ಈ ಸಂಗತಿಯನ್ನೂ ತಕ್ಕಡಿಗೆ ಹಾಕಬೇಕು.

1801ರ ಡಿಸೆಂಬರ್‌ನಲ್ಲಿ ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲೇರ್‌ನ ಕೈಯಲ್ಲಿ ದೊಡ್ಡ ಸೇನೆ ಕೊಟ್ಟು ಸಾಂ-ದೊಮಾಂಗ್‌ಗೆ ಅಟ್ಟಿದ. ಆಗ ಬ್ರಿಟನ್ ಜೊತೆ ಸಂಧಿಯ ಮಾತುಕತೆ ನಡೆದಿತ್ತು, ಸಮುದ್ರ ತೆರೆದಿತ್ತು. ಆ ಸಂಧಿಯಿಂದ ಮಾರ್ಟಿನಿಕ್ ಮತ್ತೆ ಫ್ರೆಂಚರ ಕೈಸೇರಿತು. ತೂಸಾಂನನ್ನು ಮೋಸದಿಂದ ಹಿಡಿದು ಫ್ರಾನ್ಸಿನ ಬೆಟ್ಟದ ಕೋಟೆಯೊಂದಕ್ಕೆ ತಳ್ಳಿದರು. 1803ರ ಏಪ್ರಿಲ್‌ನಲ್ಲಿ ಅಲ್ಲೇ ಸತ್ತ. ಅಷ್ಟರಲ್ಲಿ ಹಳದಿ ಜ್ವರ ಲೆಕ್ಲೇರ್‌ನನ್ನೂ ಅವನ ಸೈನಿಕರಲ್ಲಿ ಬಹುಪಾಲನ್ನೂ ನುಂಗಿತ್ತು. 1803ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತೆ ಯುದ್ಧ ಸಾರಿದ್ದೇ ಜಮೈಕಾದಿಂದ ಹೊರಟ ಹಡಗುಗಳು ಸಾಂ-ದೊಮಾಂಗ್‌ನ ಬಂದರುಗಳ ಬಾಯಿ ಮುಚ್ಚಿದವು. ಹೊಸ ಸೈನಿಕರಿಲ್ಲ, ಹಿಟ್ಟಿಲ್ಲ, ಮದ್ದಿಲ್ಲ. ಲೆಕ್ಲೇರ್‌ನ ಜಾಗಕ್ಕೆ ಬಂದ ರೋಶಾಂಬೋ ಬಂಡುಕೋರರನ್ನು ಬೇಟೆಯಾಡಲು ಕ್ಯೂಬಾದಿಂದ ನಾಯಿಗಳನ್ನು ತರಿಸಿಕೊಂಡವನು. ನವೆಂಬರ್ 18ರಂದು ವೆರ್ತಿಯೇರ್ ಎಂಬಲ್ಲಿ ಬಂಡುಕೋರರ ನಾಯಕ ದೆಸ್ಸಲೀನ್‌ನ ಪಡೆ ಅವನನ್ನು ಸೋಲಿಸಿ, ಊರು ಬಿಡಲು ಹತ್ತು ದಿನದ ಗಡುವು ಕೊಟ್ಟಿತು.

ಬೆನ್ನ ಹಿಂದೆ ದೆಸ್ಸಲೀನ್, ಎದುರಿಗೆ ಬ್ರಿಟಿಷ್ ಕ್ಯಾಪ್ಟನ್ ಲೋರಿಂಗ್‌ನ ಹಡಗುಗಳು. ರೋಶಾಂಬೋ ಚೌಕಾಸಿ ಮಾಡುತ್ತ ದಿನ ದೂಡಿದ. ನವೆಂಬರ್ 30ಕ್ಕೆ ಗಡುವು ಮುಗಿದು ದಡದ ತೋಪುಗಳು ಇನ್ನೇನು ಮಾತಾಡಬೇಕು ಎನ್ನುವಾಗ ಒಪ್ಪಂದ ಕುದುರಿತು. ಫ್ರೆಂಚ್ ಹಡಗುಗಳು ತಮ್ಮ ಬಾವುಟ ಹಾರಿಸಿಕೊಂಡೇ ಹೊರಗೆ ಬರುವುದು, ಮರ್ಯಾದೆಗೆ ಒಂದು ಸುತ್ತು ತೋಪು ಹಾರಿಸುವುದು, ಆಮೇಲೆ ಬಾವುಟ ಇಳಿಸಿ ಶರಣಾಗುವುದು. ಕ್ಲೊರಾಂಡ್ ಎಂಬ ಫ್ರಿಗೇಟ್ ಹೊರಬರುವಾಗ ಕೋಟೆಯ ಬುಡದಲ್ಲೇ ನೆಲ ಕಚ್ಚಿತು. ಅದರಲ್ಲಿ ಹೆಂಗಸರು ಮಕ್ಕಳೂ ಸೇರಿ ಸುಮಾರು 900 ಜನ. ವಿಲೊಬಿ ಎಂಬ ತರುಣ ಬ್ರಿಟಿಷ್ ಲೆಫ್ಟಿನೆಂಟ್ ಹಡಗನ್ನು ಬ್ರಿಟಿಷರದೆಂದು ಘೋಷಿಸಿ, ದಡದವರ ಜೊತೆ ಮಾತಾಡಿ ಅವರ ಜೀವ ಉಳಿಸಿದ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು.

ಬ್ರಿಟನ್ ಬಯಸಿದ್ದು ಇದನ್ನಲ್ಲ. ಪಕ್ಕದ ಜಮೈಕಾದಲ್ಲಿ ಅದೇ ಕಬ್ಬು, ಅದೇ ಚಾವಟಿ. ಫ್ರಾನ್ಸ್ ಬಗ್ಗಬೇಕು, ಗುಲಾಮರು ಮಾತ್ರ ಎದ್ದು ನಿಲ್ಲಬಾರದು ಎಂಬುದು ಅದರ ಲೆಕ್ಕಾಚಾರ. ಹಡಗಿನ ಬೇಲಿಗೆ ಅಂಥ ಸೂಕ್ಷ್ಮ ಗೊತ್ತಾಗುವುದಿಲ್ಲ. ನೆಪೋಲಿಯನ್ನನ ಲೆಕ್ಕವೂ ಬುಡಮೇಲಾಯಿತು. ಸಾಂ-ದೊಮಾಂಗ್‌ಗೆ ಅನ್ನ ಹಾಕುವ ಕಣಜವಾಗಲಿ ಎಂದು ಇಟ್ಟುಕೊಂಡಿದ್ದ ಅಮೆರಿಕದ ಲೂಯಿಸಿಯಾನಾ ಪ್ರಾಂತ್ಯವನ್ನು ಅವನು 1803ರಲ್ಲೇ ಒಂದೂವರೆ ಕೋಟಿ ಡಾಲರ್‌ಗೆ ಮಾರಿ ಕೈತೊಳೆದುಕೊಂಡ.

ಕಾವಲು ಕಾಯುವ ಹಡಗಿನೊಳಗಿನ ಬದುಕಿನಲ್ಲಿ ಶೌರ್ಯಕ್ಕಿಂತ ಬೇಸರವೇ ಹೆಚ್ಚು. ಉಪ್ಪು ಹಾಕಿದ ಮಾಂಸ, ಹುಳು ಬಿದ್ದ ಬಿಸ್ಕತ್ತು, ಹಳದಿ ಜ್ವರ, ಜುಲೈನಿಂದ ಅಕ್ಟೋಬರ್‌ವರೆಗೆ ಚಂಡಮಾರುತದ ಭಯ. ನಾವಿಕರನ್ನು ಹಿಡಿದಿಟ್ಟಿದ್ದು ಬಹುಮಾನದ ಹಣ. ಹಿಡಿದ ಹಡಗು ಮತ್ತು ಸರಕಿನ ಬೆಲೆಯನ್ನು ಎಂಟು ಪಾಲು ಮಾಡಿ, 1808ರವರೆಗೆ ಮೂರು ಪಾಲು ಕ್ಯಾಪ್ಟನ್‌ಗೆ ಕೊಡುತ್ತಿದ್ದರು. ಅವನ ಮೇಲೊಬ್ಬ ಅಡ್ಮಿರಲ್ ಇದ್ದರೆ ಅದರಲ್ಲಿ ಒಂದು ಪಾಲು ಆ ಅಡ್ಮಿರಲ್‌ಗೆ, ಅವನು ಎಲ್ಲೇ ಕೂತಿರಲಿ. ಉಳಿದದ್ದನ್ನು ಬೇರೆ ಅಧಿಕಾರಿಗಳೂ ನೂರಾರು ನಾವಿಕರೂ ಹಂಚಿಕೊಳ್ಳಬೇಕು. ದೇಶಭಕ್ತಿಗೆ ಇಂಥ ಒತ್ತಾಸೆ ಸಿಕ್ಕಿದರೆ ಯಾರು ತಾನೇ ಕಣ್ಣು ಮುಚ್ಚುತ್ತಾರೆ?

ಬೇಲಿಯ ಒಳಗಿನವರ ಪಾಡು ಬೇರೆ. ಸಕ್ಕರೆ ದ್ವೀಪಗಳಲ್ಲಿ ಒಳ್ಳೆಯ ನೆಲವೆಲ್ಲ ಕಬ್ಬಿಗೆ. ಊಟ ಹೊರಗಿನಿಂದ ಬರಬೇಕು: ಉತ್ತರ ಅಮೆರಿಕದ ಹಿಟ್ಟು, ನ್ಯೂಫೌಂಡ್‌ಲ್ಯಾಂಡಿನ ಉಪ್ಪುಮೀನು. ಹಡಗು ನಿಂತರೆ ಮೊದಲು ಕಡಿತವಾಗುವುದು ಗುಲಾಮನ ಪಡಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ವ್ಯಾಪಾರ ಕಡಿದು, ಮೇಲಿಂದ ಮೇಲೆ ಚಂಡಮಾರುತ ಬಂದಾಗ, 1780ರಿಂದ 1787ರ ನಡುವೆ ಜಮೈಕಾದಲ್ಲಿ ಹದಿನೈದು ಸಾವಿರ ಗುಲಾಮರು ಹಸಿವಿನಿಂದ ಸತ್ತರು ಎಂದು ಅಲ್ಲಿನ ಶಾಸನಸಭೆಯ ಸಮಿತಿಯೇ ಅಂದಾಜು ಮಾಡಿತ್ತು. ಆ ಭಯದಿಂದಲೇ ತೋಟದ ಮಾಲೀಕರು ಅಗ್ಗದ ತಿನಿಸೊಂದನ್ನು ಹುಡುಕಿದ್ದು. ಕ್ಯಾಪ್ಟನ್ ಬ್ಲೈ ತಹೀತಿಯಿಂದ ಸಸಿ ತರಲು ಹೋಗಿ, 1789ರಲ್ಲಿ ಬೌಂಟಿ ಹಡಗಿನ ನಾವಿಕರ ದಂಗೆಯಲ್ಲಿ ಹಡಗನ್ನೇ ಕಳೆದುಕೊಂಡ; ಎರಡನೇ ಸಲ ಹೋಗಿ 1793ರಲ್ಲಿ ಸಸಿಗಳನ್ನು ಸೇಂಟ್ ವಿನ್ಸೆಂಟ್, ಜಮೈಕಾಗಳಿಗೆ ಮುಟ್ಟಿಸಿದ. ಯಾವ ಸಸಿ ಎನ್ನುತ್ತೀರಾ? ನಮ್ಮ ಕರಾವಳಿಯವರು ಪೋಡಿ, ಪಲ್ಯ ಮಾಡಿ ಚಪ್ಪರಿಸುವ ಜೀಗುಜ್ಜೆ.

ಇತ್ತ ಡೈಮಂಡ್ ರಾಕ್‌ಗೆ ಗ್ರಹಚಾರ ಬಂದದ್ದು 1805ರ ಮೇ ತಿಂಗಳಲ್ಲಿ. ಇಂಗ್ಲೆಂಡಿನ ಮೇಲೆ ದಂಡೆತ್ತಲು ನೆಪೋಲಿಯನ್ ಒಂದು ಉಪಾಯ ಹೂಡಿದ್ದ. ತೂಲೋನ್‌ನಿಂದ ವಿಲ್‌ನೇವ್, ಬ್ರೆಸ್ಟ್‌ನಿಂದ ಗಾಂತೋಮ್, ಈ ಇಬ್ಬರು ಫ್ರೆಂಚ್ ಅಡ್ಮಿರಲ್‌ಗಳೂ ಕಾವಲು ತಪ್ಪಿಸಿ ಕೆರಿಬಿಯನ್ನಿಗೆ ಓಡಬೇಕು, ಬ್ರಿಟಿಷರು ಅಲ್ಲಿಗೆ ಬೆನ್ನಟ್ಟಿ ಬರುವಷ್ಟರಲ್ಲಿ ಒಟ್ಟಾಗಿ ತಿರುಗಿ ಇಂಗ್ಲಿಷ್ ಕಾಲುವೆಗೆ ನುಗ್ಗಬೇಕು. ಕಾಗದದ ಮೇಲೆ ಸೊಗಸಾಗಿತ್ತು. ವಿಲ್‌ನೇವ್ ಮಾರ್ಚ್ 30ರಂದು ನುಸುಳಿಕೊಂಡು, ಸ್ಪೇನಿನ ಹಡಗುಗಳನ್ನೂ ಕೂಡಿಸಿಕೊಂಡು ಮೇ ನಡುವಿನಲ್ಲಿ ಮಾರ್ಟಿನಿಕ್ ಮುಟ್ಟಿದ. ಗಾಂತೋಮ್‌ಗೆ ಬ್ರೆಸ್ಟ್ ಬಿಟ್ಟು ಹೊರಡಲೇ ಆಗಲಿಲ್ಲ. ಹೊರಗೆ ಅಡ್ಮಿರಲ್ ವಿಲಿಯಂ ಕಾರ್ನ್‌ವಾಲಿಸ್ ಕಾವಲಿದ್ದ.

ಈ ಹೆಸರು ನಮಗೆ ಹೊಸದಲ್ಲ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಪಡೆದ ಲಾರ್ಡ್ ಕಾರ್ನ್‌ವಾಲಿಸ್‌ನ ತಮ್ಮ ಇವನು. ಅಣ್ಣ ಮೈಸೂರಿನ ನೆಲದಲ್ಲಿ ಕಾದಾಡುತ್ತಿದ್ದಾಗ ತಮ್ಮ ಮಲಬಾರ್ ಕರಾವಳಿಯಲ್ಲಿ ಹಡಗುಗಳನ್ನು ತಡೆದು, ಮಂಗಳೂರಿನ ಮೂಲಕ ಟಿಪ್ಪುವಿಗೆ ಯುದ್ಧಸಾಮಗ್ರಿ ಹೋಗದಂತೆ ತಪಾಸಣೆ ಮಾಡಿಸುತ್ತಿದ್ದ. 1791ರ ನವೆಂಬರ್‌ನಲ್ಲಿ ತಲಶ್ಶೇರಿಯ ಎದುರು ರೆಸೊಲ್ಯೂ ಎಂಬ ಫ್ರೆಂಚ್ ಫ್ರಿಗೇಟ್ ತಪಾಸಣೆಗೆ ಒಪ್ಪದೆ ತೋಪು ಹಾರಿಸಿತು, ಸೋತಿತು. ಆಗ ಎರಡು ದೇಶಗಳ ನಡುವೆ ಯುದ್ಧವೇ ಇರಲಿಲ್ಲ ಎಂಬುದು ಬೇರೆ ಮಾತು.

ಗಾಂತೋಮ್‌ಗಾಗಿ ಕಾಯುತ್ತ ಕೈಕಟ್ಟಿ ಕೂತ ವಿಲ್‌ನೇವ್‌ಗೆ ಕಣ್ಣೆದುರಿನ ಬಂಡೆ ಚುಚ್ಚುತ್ತಲೇ ಇತ್ತು. ಮೇ ಕೊನೆಗೆ ಕೊಸ್ಮಾವೋನ ನಾಯಕತ್ವದಲ್ಲಿ ಪ್ಲೂಟೋನ್, ಬರ್ವಿಕ್ ಎಂಬ ಎರಡು ದೊಡ್ಡ ಹಡಗುಗಳು, ಒಂದು ಫ್ರಿಗೇಟ್, ತೋಪಿನ ದೋಣಿಗಳ ಒಂದು ಹಿಂಡು, ನೂರಾರು ಸೈನಿಕರು ಹೊರಟರು. ಬಂದವರ ಬಲ ನೋಡಿ ಮಾರಿಸ್ ಕೆಳಗಿನ ತೋಪುಗಳನ್ನು ಕೆಡಿಸಿ ಜನರನ್ನೆಲ್ಲ ಮೇಲೆ ಕರೆದುಕೊಂಡ. ಫ್ರೆಂಚರು ಬುಡಕ್ಕೆ ಇಳಿದರೇನೋ ಸರಿ, ಹತ್ತುವುದು ಹೇಗೆ? ಏಣಿ ತಂದಿರಲಿಲ್ಲ. ಮೇಲಿನಿಂದ ಗುಂಡು, ಕಲ್ಲು. ಅವರು ಗುಹೆಗಳಲ್ಲಿ ಅಡಗಿ ಕತ್ತಲಾಗುವುದನ್ನು ಕಾದರು. ಮೂರು ದಿನ ತೋಪಿನ ಹೊಡೆತ ತಿಂದರೂ ಬಂಡೆಯ ಕಡೆ ಸತ್ತವರು ಇಬ್ಬರೇ. ಆದರೆ ನೀರಿನ ತೊಟ್ಟಿ ಬಿರುಕು ಬಿಟ್ಟು ಒಳಗಿದ್ದದ್ದು ಸೋರಿಹೋಗಿತ್ತು, ಮದ್ದೂ ತಳ ಕಂಡಿತ್ತು. ಜೂನ್ 2ರಂದು ಮಾರಿಸ್ ಬಿಳಿ ಬಾವುಟ ತೋರಿಸಿ 107 ಜನರೊಂದಿಗೆ ಇಳಿದು ಬಂದ. ಒಂದು ದ್ವೀಪವನ್ನು ಹಸಿವಿಗೆ ಕೆಡವಲು ಹೂಡಿದ ಠಾಣೆಯೇ ಬಾಯಾರಿ ಸೋತಿತು. ಫ್ರೆಂಚರು ರಮ್ ತುಂಬಿದ ಪೀಪಾಯಿಗಳನ್ನು ತೇಲಿಬಿಟ್ಟು ಕಾವಲಿನವರನ್ನು ಕುಡಿಸಿ ಗೆದ್ದರು ಎಂಬ ಕತೆಯೂ ಚಾಲ್ತಿಯಲ್ಲಿದೆ. ಪ್ರವಾಸಿಗರಿಗೆ ಹೇಳಲು ಚೆನ್ನ, ನಂಬಲು ಅಲ್ಲ.

ಎರಡೇ ದಿನಕ್ಕೆ ವಿಲ್‌ನೇವ್‌ನ ಬೆನ್ನು ಹತ್ತಿದ್ದ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಬಾರ್ಬಡೋಸ್‌ಗೆ ಬಂದಿಳಿದ. ತಪ್ಪು ಸುದ್ದಿ ನಂಬಿ ದಕ್ಷಿಣದ ಟ್ರಿನಿಡಾಡ್ ಕಡೆಗೆ ಓಡಿದ. ವಿಲ್‌ನೇವ್ ಜೂನ್ 8ರಂದು ಆಂಟಿಗಾ ಹತ್ತಿರ ಸಕ್ಕರೆ ಹೊತ್ತು ಹೊರಟಿದ್ದ ಹದಿನೈದು ವ್ಯಾಪಾರಿ ಹಡಗುಗಳನ್ನು ಹಿಡಿದ. ನೆಲ್ಸನ್ ಬಂದ ಸುದ್ದಿ ಅವರಿಂದಲೇ ತಿಳಿದು, ಗಾಂತೋಮ್‌ನನ್ನು ಇನ್ನು ಕಾಯದೆ ಯುರೋಪಿನ ಕಡೆ ಹಾಯಿ ಬಿಚ್ಚಿದ. ನೆಲ್ಸನ್ ಅವನನ್ನು ಸೋಲಿಸಿದ ಅಕ್ಟೋಬರ್ 21ರ ಟ್ರಾಫಾಲ್ಗರ್ ಕದನದಲ್ಲಿ ಪ್ಲೂಟೋನ್, ಬರ್ವಿಕ್ ಎರಡೂ ಇದ್ದವು. ಅದೇ ಜೂನ್‌ನಲ್ಲಿ ಮಾರಿಸ್ ಗೌರವದೊಂದಿಗೆ ಆರೋಪಮುಕ್ತನಾದ. ಮುಂದೆ ಡೆನ್ಮಾರ್ಕಿನ ಅನ್‌ಹೋಲ್ಟ್ ಎಂಬ ದ್ವೀಪದ ಕಾವಲು ಅವನ ಪಾಲಿಗೆ ಬಂತು, 1811ರಲ್ಲಿ ಅದನ್ನು ಉಳಿಸಿಕೊಂಡ. ಒಂಟಿ ದ್ವೀಪಕ್ಕೆ ಜನ ಬೇಕೆಂದಾಗ ಯಾರ ಹೆಸರು ನೆನಪಾಗಿರಬೇಕು ಎಂದು ಊಹಿಸುವುದು ಕಷ್ಟವಲ್ಲ.

ಬೇಲಿಯಲ್ಲಿ ಕಂಡಿಗಳೂ ಇದ್ದವು. ಡೆನ್ಮಾರ್ಕಿನ ಸೇಂಟ್ ಥಾಮಸ್, ಸ್ವೀಡನ್ನಿನ ಸಾಂ ಬಾರ್ತೆಲೆಮಿಯಂಥ ತಟಸ್ಥರ ಬಂದರುಗಳು ಅಂಥವು. ಎಲ್ಲಕ್ಕಿಂತ ಜಾಣರು ಅಮೆರಿಕನ್ನರು. ಮಾರ್ಟಿನಿಕ್ ಸಕ್ಕರೆಯನ್ನು ನೇರ ಫ್ರಾನ್ಸಿಗೆ ಒಯ್ದರೆ ಬ್ರಿಟಿಷರು ಹಿಡಿಯುತ್ತಾರೆ. ತಮ್ಮ ಬಂದರಿನಲ್ಲಿ ಒಮ್ಮೆ ಇಳಿಸಿ, ಸುಂಕ ಕಟ್ಟಿ, ಮತ್ತೆ ಹೇರಿದರೆ ಅದು ಅಮೆರಿಕದ ಸರಕು! 1805ರಲ್ಲಿ ಬಾರ್ಸಿಲೋನಾದ ಸರಕನ್ನು ಸೇಲಂ ಮೂಲಕ (ಮ್ಯಾಸಚೂಸೆಟ್ಸ್‌ನ ಸೇಲಂ, ತಮಿಳುನಾಡಿನದಲ್ಲ) ಹವಾನಾಗೆ ಒಯ್ಯುತ್ತಿದ್ದ ಎಸೆಕ್ಸ್ ಹಡಗಿನ ಪ್ರಕರಣದಲ್ಲಿ ಬ್ರಿಟಿಷ್ ನ್ಯಾಯಾಲಯ ಈ ಆಟ ಒಪ್ಪಲಿಲ್ಲ. ಅಮೆರಿಕದ ಹಡಗುಗಳನ್ನು ಸಾಲುಸಾಲಾಗಿ ಹಿಡಿಯತೊಡಗಿದರು. 1812ರಲ್ಲಿ ಎರಡು ದೇಶಗಳ ನಡುವೆ ಹೊತ್ತಿಕೊಂಡ ಯುದ್ಧಕ್ಕೆ ಇದೂ ಒಂದು ಕೊಳ್ಳಿ.

1808ರ ಹೊತ್ತಿಗೆ ಫ್ರೆಂಚ್ ದ್ವೀಪಗಳ ಅನ್ನಕ್ಕೇ ಸಂಚಕಾರ ಬಂದಿತ್ತು. ಧಾನ್ಯ ಕಳಿಸಿ ಎಂದು ರಾಜ್ಯಪಾಲರು ಫ್ರಾನ್ಸಿಗೆ ಬರೆದ ಪತ್ರಗಳಲ್ಲಿ ಕೆಲವು ಬ್ರಿಟಿಷರ ಕೈಗೇ ಸಿಕ್ಕಿದವು. ಇನ್ನು ತಡವೇಕೆ? 1809ರ ಫೆಬ್ರುವರಿಯಲ್ಲಿ ಮಾರ್ಟಿನಿಕ್, ಮರುವರ್ಷ ಗ್ವಾಡೆಲೂಪ್ ಬಿದ್ದವು. ಸಕ್ಕರೆ ಕಾಣದ ನೆಪೋಲಿಯನ್ 1811ರಲ್ಲಿ 32,000 ಹೆಕ್ಟೇರಿನಲ್ಲಿ ಸಕ್ಕರೆ ಬೀಟ್ ಬೆಳೆಯಲು ಆಜ್ಞೆ ಹೊರಡಿಸಿದ. ಗ್ವಾಡೆಲೂಪ್ ಕತೆಯಂತೂ ಇನ್ನೂ ತಮಾಷೆ. ಸ್ವೀಡನ್ ತನ್ನ ಕಡೆ ಸೇರಿದ್ದಕ್ಕೆ ಬ್ರಿಟನ್ ಅದನ್ನು 1813ರಲ್ಲಿ ಆ ದೇಶಕ್ಕೆ ಬರೆದುಕೊಟ್ಟಿತು. ಮರುವರ್ಷ ಸಂಧಿಯಾದಾಗ ಫ್ರಾನ್ಸಿಗೇ ವಾಪಸ್ ಮಾಡಬೇಕಾಗಿ ಬಂದು, ಪರಿಹಾರವಾಗಿ ಸ್ವೀಡನ್ನಿಗೆ 2.4 ಕೋಟಿ ಫ್ರಾಂಕ್ ಕೊಡಲಾಯಿತು. ಅದರಿಂದಾದ ಏರ್ಪಾಡಿನಂತೆ ಸ್ವೀಡನ್ನಿನ ರಾಜಮನೆತನ 1983ರವರೆಗೂ ವರ್ಷ ವರ್ಷ ಹಣ ಪಡೆಯಿತು. ಮಾರ್ಟಿನಿಕ್ ಕೂಡ ಫ್ರಾನ್ಸಿಗೆ ಮರಳಿತು. ಬಾವುಟ ಇಷ್ಟು ಸಲ ಏರಿ ಇಳಿದರೂ ಅಲ್ಲಿನ ಗುಲಾಮರಿಗೆ ಬಿಡುಗಡೆ ಸಿಕ್ಕಿದ್ದು 1848ರಲ್ಲಿ.

ಬೇಲಿ ಹಾರಿ ಹೊರಗೆ ಹೋದವರು ಹೈಟಿಯವರು ಮಾತ್ರ. 1825ರ ಜುಲೈನಲ್ಲಿ ಹದಿನಾಲ್ಕು ಫ್ರೆಂಚ್ ಯುದ್ಧನೌಕೆಗಳು, ಐನೂರಕ್ಕೂ ಹೆಚ್ಚು ತೋಪುಗಳೊಂದಿಗೆ ಪೋರ್ಟ್-ಒ-ಪ್ರಿನ್ಸ್ ಎದುರು ಬಂದು ನಿಂತವು. ತಂದದ್ದು ದೊರೆ ಹತ್ತನೇ ಚಾರ್ಲ್ಸ್‌ನ ಆಜ್ಞಾಪತ್ರ: ನಿಮ್ಮ ಸ್ವಾತಂತ್ರ್ಯವನ್ನು ಒಪ್ಪುತ್ತೇವೆ, ಆಸ್ತಿ ಕಳೆದುಕೊಂಡ ಹಳೆಯ ಧಣಿಗಳಿಗೆ 15 ಕೋಟಿ ಫ್ರಾಂಕ್ ತೆರಬೇಕು. ಇಡೀ ಲೂಯಿಸಿಯಾನಾಕ್ಕೆ ಅಮೆರಿಕ ಕೊಟ್ಟದ್ದು 8 ಕೋಟಿ ಫ್ರಾಂಕ್. ಅಧ್ಯಕ್ಷ ಬುವಾಯೇ ಸಹಿ ಹಾಕಿದ. ಮೊದಲ ಕಂತು ಕಟ್ಟಲು ಹೈಟಿ ಪ್ಯಾರಿಸ್ಸಿನಲ್ಲೇ 3 ಕೋಟಿ ಸಾಲ ಎತ್ತಬೇಕಾಯಿತು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ ಸಾಲ ತೀರಿಸಲು ಸಾಲ ಮಾಡುವುದು ನಿಲ್ಲಲಿಲ್ಲ. ಆ ಬಾಬತ್ತಿನ ಕೊನೆಯ ಕಂತನ್ನು ಹೈಟಿ ಕಟ್ಟಿದ್ದು 1947ರಲ್ಲಿ.